ನೀರು ಕಾಣದ ಜಗ್ಗುಗಳು

ಹಳೆಯ ಪಿಂಗಾಣಿ ಕೊಳ್ಳುವ, ಮಾರುವ ಕಸುಬಿಗೆ ಹೊಸದಾಗಿ ಇಳಿದ ಹುಡುಗರು ಆಗೀಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಅಸಲಿ ಯಾವುದು, ನಕಲಿ ಯಾವುದು ಅಂತ ಕಂಡುಹಿಡಿಯೋದು ಹೇಗೆ ಸಾರ್?" ಜಗ್ಗನ್ನು ತಿರುಗಿಸಿ ತಳದ ಮುದ್ರೆ ನೋಡುವುದನ್ನೂ, ಅಂಚಿನ ಚಿನ್ನದ ಗೆರೆ ಎಲ್ಲೆಲ್ಲಿ ಸವೆದಿದೆ ಎಂದು ಬೆಳಕಿಗೆ ಹಿಡಿದು ನೋಡುವುದನ್ನೂ ತೋರಿಸಿಕೊಡುತ್ತೇನೆ. ಅವರು ಸಂತೋಷದಿಂದ ಹೋಗುತ್ತಾರೆ. ಅಷ್ಟನ್ನು ಯಾರು ಬೇಕಾದರೂ ಹೇಳಿಕೊಡಬಹುದು. ಈ ಕಸುಬು ನಿಜಕ್ಕೂ ಹೇಗಿತ್ತು ಎನ್ನುವುದು ಮುದ್ರೆಯಲ್ಲೂ ಇಲ್ಲ, ಗೆರೆಯಲ್ಲೂ ಇಲ್ಲ. ಅದನ್ನು ಹೇಳಬೇಕಾದರೆ ನಮ್ಮ ಯಜಮಾನರು, ನಾನು, ಒಬ್ಬ ಗಿರಾಕಿ ಮತ್ತು ಒಬ್ಬ ಅಂಬಿಗ ಒಂದೇ ಹರಿಗೋಲಿನಲ್ಲಿ ಮುಳುಗಿ ಹೋಗಲಿದ್ದ ದಿನದ ಸಂಗತಿ ಹೇಳಬೇಕು. ಅವತ್ತು ಯಜಮಾನರು ಬಾಯಿ ಬಿಟ್ಟರೆ ಅಂಗಡಿಯ ಹೆಸರು ಹೋಗುತ್ತಿತ್ತು. ಬಿಡದಿದ್ದರೆ ನಮ್ಮೆಲ್ಲರ ಜೀವ ಹೋಗುತ್ತಿತ್ತು. ಈಗಲೂ ಮನೆಯಲ್ಲಿ ಯಾರಾದರೂ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿದರೆ ನನ್ನ ಮೊಣಕಾಲು ತಣ್ಣಗಾಗುತ್ತದೆ. ಸೊಸೆ ಅದನ್ನು ವಾಯು ಎನ್ನುತ್ತಾಳೆ. ಇರಬಹುದು.

ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಯಳಂದೂರಿಗೆ ಹಿಂತಿರುಗಿದಾಗ ನನ್ನನ್ನು ಏನು ಮಾಡಬೇಕೆಂದು ಊರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಯಳಂದೂರು ಆಗ ಮೈಸೂರು ಸೀಮೆ. ಪಕ್ಕದ ಕೊಳ್ಳೇಗಾಲ ಮದರಾಸಿನದು. ಬೆಳಗ್ಗೆ ಒಂದು ಸರ್ಕಾರದಲ್ಲಿ ಎದ್ದು ಇನ್ನೊಂದು ಸರ್ಕಾರದಲ್ಲಿ ಸಂಬಳಕ್ಕೆ ಸೇರಿದವನು ನಾನು. ಕೊಳ್ಳೇಗಾಲದ ಗುರುಮಲ್ಲಪ್ಪನವರಿಗೆ ಇಂಗ್ಲಿಷ್ ಓದಬಲ್ಲವನೊಬ್ಬ ಬೇಕಾಗಿತ್ತು. ಯಾವುದಕ್ಕೆ ಎಂದು ಕೇಳಿದೆ. "ಜಗ್ಗಿನ ತಳ ಓದಾಕೆ" ಎಂದರು.

ಗುರುಮಲ್ಲಪ್ಪನವರದು ಮೂಲದಲ್ಲಿ ರೇಷ್ಮೆ ಸೀರೆಯ ವ್ಯಾಪಾರ. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟಗಳಿಂದ ಒಬ್ಬೊಬ್ಬರೇ ಬಿಳಿಯ ದೊರೆಗಳು ತಮ್ಮ ದೇಶಕ್ಕೆ ಹೊರಟ ಕಾಲ ಅದು. ಬಂಗಲೆಯ ಸಾಮಾನುಗಳು ಬಂಡಿಗಳಲ್ಲಿ ಬಯಲಿಗೆ ಇಳಿಯುತ್ತಿದ್ದವು. ಯಜಮಾನರು ಸೀರೆ ಜೋಡಿಸಲು ಒಂದು ಬೀರು ಕೊಂಡರು. ಬೀರುವಿನೊಳಗೆ ಹುಲ್ಲಿನಲ್ಲಿ ಸುತ್ತಿದ ಪಿಂಗಾಣಿ ಜಗ್ಗುಗಳು ಉಳಿದುಹೋಗಿದ್ದವು. ನೀಲಿ ಬಳ್ಳಿ, ಗುಲಾಬಿ ಹೂವು, ಕೊಕ್ಕಿನ ಹಾಗೆ ಬಾಗಿದ ಮೂತಿ. ಅವತ್ತಿನಿಂದ ಸೀರೆಯ ಅಂಗಡಿ ತಮ್ಮನ ಪಾಲಿಗೆ ಬಂತು, ಯಜಮಾನರು ಜಗ್ಗಿನ ಪಾಲಾದರು. ತಟ್ಟೆ, ಬಟ್ಟಲು, ಚಹಾದ ಪಾತ್ರೆಗಳನ್ನೂ ಕೊಂಡರು, ಮಾರಿದರು. ಆದರೆ ಜಗ್ಗನ್ನು ಮುಟ್ಟುವಾಗ ಮಾತ್ರ ಅವರ ಕೈ ಮೊಮ್ಮಗುವಿನ ತಲೆ ಹಿಡಿದ ಹಾಗೆ ಇರುತ್ತಿತ್ತು. ಅದಕ್ಕೆ ಒಂದು ತೊಟ್ಟು ನೀರು ಹಾಕಬಾರದು. ಒಮ್ಮೆ ಬಾಯಾರಿ ಒಂದು ಜಗ್ಗನ್ನು ಕೊಡದ ಹತ್ತಿರ ಒಯ್ದಿದ್ದಕ್ಕೆ, "ಕುಡಿಯಾಕೆ ಚೊಂಬಿಲ್ವಾ ಅಯ್ನೋರೆ? ಇದು ನೋಡಾಕೆ ಮಾಡಿರಾದು" ಎಂದು ಕಸಿದುಕೊಂಡರು. ನಾನು ಜಂಗಮರ ಮನೆಯವನಾದ್ದರಿಂದ ಅವರಿಗೆ ನಾನು 'ಅಯ್ನೋರು'. ಬೈಯುವಾಗಲೂ ಬಹುವಚನ ತಪ್ಪುತ್ತಿರಲಿಲ್ಲ. ಅದರಿಂದ ಬೈಗುಳ ಇನ್ನಷ್ಟು ನಾಟುತ್ತಿತ್ತು.

ನನ್ನ ಮೊದಲ ಸಾಹಸ ಲೊಕ್ಕನಹಳ್ಳಿಯಲ್ಲಿ. ಒಬ್ಬ ಅಜ್ಜಿಯ ಮನೆಯಲ್ಲಿ ಚಹಾದ ಪಾತ್ರೆಯೊಂದರಲ್ಲಿ ದೀಪದ ಎಣ್ಣೆ ಇಟ್ಟಿದ್ದರು. ಮೈತುಂಬ ಗುಲಾಬಿ, ಮುಚ್ಚಳದ ಮೇಲೆ ಒಂದು ಹಕ್ಕಿ. ಕಾಡಂಚಿನ ಆ ಮನೆಗೆ ಅದು ಹೇಗೆ ಬಂತೋ ಅಜ್ಜಿಗೂ ಗೊತ್ತಿರಲಿಲ್ಲ. ಕಾಲೇಜಿನ ಬಿಸಿ ಇನ್ನೂ ಆರಿರಲಿಲ್ಲವಲ್ಲ, ನಾನು ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಪಾಠ ಶುರುಮಾಡಿದೆ. ಇದು ಯಾವ ಮಣ್ಣು, ಎಂಥ ಬೆಂಕಿಯಲ್ಲಿ ಬೆಂದದ್ದು, ಏಳು ಸಮುದ್ರ ದಾಟಿ ಹೇಗೆ ಬಂದದ್ದು ಎಂದೆಲ್ಲ ಹೇಳಿದೆ. ಅಜ್ಜಿ ಕಣ್ಣರಳಿಸಿಕೊಂಡು ಕೇಳಿ, ಕೊಡುತ್ತೇನೆಂದಳು. ಮುಂದಿನ ಸಂತೆಗೆ ಬಂದು ಕೊಂಡೊಯ್ಯುತ್ತೇನೆಂದು ಹೇಳಿ ಹೊರಟೆ.

ಮುಂದಿನ ಸಂತೆಗೆ ಹೋದಾಗ ಚಹಾದ ಪಾತ್ರೆ ದೇವರ ಗೂಡಿನಲ್ಲಿತ್ತು. ಹೊಟ್ಟೆಗೆ ವಿಭೂತಿ, ಹಿಡಿಗೆ ಸೇವಂತಿಗೆ. ಹಕ್ಕಿಯ ತಲೆಯ ಮೇಲೂ ಒಂದು ಹೂವು.

"ಅಜ್ಜಿ, ಇದನ್ನು ಕೊಡ್ತೀನಿ ಅಂದಿದ್ದೆಯಲ್ಲ?"

"ಏಳು ಸಮುದ್ರ ದಾಟ್ಕಂಡು ನಮ್ಮನೀಗೆ ಬಂದದೆ ಅಂತ ನೀವೇ ಅಂದ್ರಿ. ಅಷ್ಟು ದೂರದಿಂದ ಬಂದೋರ್ನ ಯಾರಾರ ಮಾರಾರಾ ಸಾ?"

ಯಜಮಾನರಿಗೆ ವಿಷಯ ತಿಳಿದಾಗ ಅವರು ಸಿಟ್ಟಾಗಲಿಲ್ಲ. "ಕೊಳ್ಳಾಕೋದಾಗ ಪಾಠ ಮಾಡ್ಬ್ಯಾಡಿ ಅಯ್ನೋರೆ. ಚಂದ ಇಲ್ದಿರ ಸಾಮಾನು ನೋಡ್ದಂಗೆ ನೋಡಿ. ಪಾಠಕ್ಕೆ ಸಂಬಳ ಕೊಡಾಕೆ ನಾನೇನು ಇಸ್ಕೂಲು ಇಟ್ಟಿಲ್ಲ" ಎಂದರು ಅಷ್ಟೆ.

ಹುಡುಗರೇ, ಈ ಬುದ್ಧಿವಾದ ಇವತ್ತಿಗೂ ಸರಿ.

ಎರಡನೆಯ ಪಾಠ ಹನೂರಿನಲ್ಲಿ, ಯಜಮಾನರ ಜೊತೆ ಹೋದಾಗ ಆಯಿತು. ಅಲ್ಲಿ ನಮ್ಮದೇ ಜನರ ಮನೆ. ಬೆಳಗ್ಗೆ ಸಂಜೆ ಲಿಂಗಪೂಜೆ, ಬಹಳ ಮಡಿ. ಮನೆಯೊಡತಿ ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಬಿಳಿ ಪಿಂಗಾಣಿಯ ಉದ್ದ ಮೂತಿಯ ಬಟ್ಟಲೊಂದರಿಂದ ಹರಳೆಣ್ಣೆ ಕುಡಿಸುತ್ತಿದ್ದಳು. ಅದು ದೊರೆಗಳ ಮೇಜಿನ ಮೇಲೆ ಮಾಂಸದ ಸಾರು ಬಡಿಸಲು ಇಡುವ ಪಾತ್ರೆ ಎಂದು ನೋಡಿದ ತಕ್ಷಣ ಗೊತ್ತಾಯಿತು. ಅವಳ ಗಂಡ ಹೆಮ್ಮೆಯಿಂದ, "ನಾನೂ ಅದ್ರಲ್ಲೇ ಕುಡ್ದೋನು, ನಮ್ಮಪ್ಪನೂ ಅದ್ರಲ್ಲೇ ಕುಡ್ದೋರು. ಇದಿಲ್ದಿದ್ರೆ ನಮ್ಮನೆ ಮಕ್ಕಳು ಎಣ್ಣೆ ಬಾಯಿಗೇ ತಕ್ಕಳಾಕಿಲ್ಲ" ಎಂದ. ನಾನು ಹೇಳಲೆಂದು ಬಾಯಿ ತೆರೆದೆ. ಯಜಮಾನರು ನನ್ನ ಕಾಲು ತುಳಿದರು. ಮೆತ್ತಗೆ ತುಳಿಯಲಿಲ್ಲ.

ದಾರಿಯಲ್ಲಿ ಕುಂಟುತ್ತ ಕೇಳಿದೆ, "ನಿಜ ಹೇಳಿದ್ದರೆ ಏನಾಗುತ್ತಿತ್ತು?"

"ಗೊತ್ತಿಲ್ದಂಗೆ ಮೂರು ತಲೆಮಾರು ಗಟ್ಟಿಮುಟ್ಟಾಗವ್ರೆ. ಈಗ ಗೊತ್ತು ಮಾಡ್ಸಿ ಕಾಯಿಲೆ ತರ್ಸೀರಾ?" ಎಂದು ನಕ್ಕರು. "ಕೆಲವು ನಿಜಗೋಳು ಪಿಂಗಾಣಿ ಇದ್ದಂಗೆ. ಸುಮ್ಕೆ ಮಡಗಿದ್ರೆ ನೂರು ವರ್ಸ ಇರ್ತವೆ."

ನಾನೂ ನಕ್ಕೆ. ಆ ಮಾತು ನನಗೆ ಬಹಳ ಹಿಡಿಸಿತ್ತು. ಸುಮ್ಮನಿರುವ ಕಲೆಯಲ್ಲಿ ಅವರು ಎಷ್ಟು ದೂರ ಹೋಗಿದ್ದಾರೆಂದು ಆಗ ನನಗೆ ತಿಳಿದಿರಲಿಲ್ಲ.

ಅವರ ಹೆಂಡತಿ ದೇವೀರಮ್ಮನವರ ಕೈಯಲ್ಲಿ ಒಂದು ವಿದ್ಯೆ ಇತ್ತು. ಒಡೆದ ಪಿಂಗಾಣಿಯನ್ನು ಅವರು ಅಂಟಿಸಿದರೆ ಗೆರೆ ಕಾಣುತ್ತಿರಲಿಲ್ಲ. ಊರೂರು ತಿರುಗುವ ತಮಿಳು ಕಸುಬಿನವನೊಬ್ಬ ಜಗಲಿಯ ಮೇಲೆ ಕೂತು ಅದನ್ನು ಹೇಳಿಕೊಟ್ಟು ಹೋಗಿದ್ದನಂತೆ. ಸೋಸಿದ ಸುಣ್ಣ, ಬೆಲ್ಲ, ಕೋಳಿಮೊಟ್ಟೆಯ ಬಿಳಿ, ಮೂರನ್ನೂ ಅರೆದು ಹಚ್ಚಬೇಕು. ಮೂರನೆಯದರ ಹೆಸರು ಕೇಳಿದ್ದೇ ದೇವೀರಮ್ಮ, "ಮೊಟ್ಟೇನಾ? ನಮ್ಮ ಹೊಸಿಲೊಳಗಾ? ಶಿವಶಿವಾ!" ಎಂದು ಎದ್ದೇ ಬಿಟ್ಟರಂತೆ. ಹಾಗಾಗಿ ನಮ್ಮ ಅಂಗಡಿಯ ಅಂಟು ಬರೀ ಸುಣ್ಣ ಬೆಲ್ಲದ್ದು. ಒಣಗಿದರೆ ಕಲ್ಲಿನಂತಿರುತ್ತಿತ್ತು. ನೀರು ತಗುಲಿದರೆ ಮಾತ್ರ ಬೆಲ್ಲ ತನ್ನ ಹುಟ್ಟುಗುಣ ತೋರಿಸುತ್ತಿತ್ತು. ಜಗ್ಗಿಗೆ ನೀರು ಹಾಕಬಾರದು ಎನ್ನುವ ಯಜಮಾನರ ಕಟ್ಟಳೆಗೆ ಬರೀ ಪ್ರೀತಿಯೊಂದೇ ಕಾರಣವಾಗಿರಲಿಲ್ಲ.

ಗಿರಾಕಿಗಳು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರಲ್ಲ, ಒಡಕಿಲ್ಲದ್ದು ಠಣ್ ಎನ್ನುತ್ತದೆ, ಅಂಟಿಸಿದ್ದು ಬದ್ದೆನ್ನುತ್ತದೆ. ಅದಕ್ಕೂ ಯಜಮಾನರಲ್ಲಿ ಉಪಾಯವಿತ್ತು. ಮಾರಾಟದ ಜಗ್ಗುಗಳಲ್ಲೆಲ್ಲ ಕಾಗದದ ಹೂವು ತುಂಬಿಸಿ ಇಡುತ್ತಿದ್ದರು. ಬದ್ದೆನ್ನುವುದು ಹೂವಿನ ತಪ್ಪು ಎಂದಾಗುತ್ತಿತ್ತು. ಯಾವುದು ಇಡಿಯದು, ಯಾವುದು ಅಂಟಿಸಿದ್ದು ಎನ್ನುವುದು ಗಂಡ ಹೆಂಡತಿ ಇಬ್ಬರಿಗೇ ಗೊತ್ತು. ನನಗೆ ಹೇಳುತ್ತಿರಲಿಲ್ಲ, ಒಡಕಿಲ್ಲವೆಂದು ಗಿರಾಕಿಗಳಿಗೆ ಆಣೆ ಮಾಡುವವನು ಮಾತ್ರ ನಾನು. ಒಮ್ಮೆ ಒತ್ತಾಯ ಮಾಡಿ ಕೇಳಿದೆ. "ನಿಮ್ಮ ಮಕ ಓದ್ದೋರ ಮಕ. ಒಳಗಿರದೆಲ್ಲ ಮೇಲೇ ಕಾಣ್ತದೆ. ನೀವು ಗೊತ್ತಿಲ್ದೆ ಆಣೆ ಮಾಡ್ದಂಗೆ ಗೊತ್ತಿರೋರು ಮಾಡಾಕಾಯ್ತದಾ?" ಎಂದರು. ಹೀಗೆ ನನ್ನ ಅಜ್ಞಾನಕ್ಕೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು.

ನಮ್ಮ ಮುಖ್ಯ ಗಿರಾಕಿ ಹೊಳೆಯಾಚೆ, ತಲಕಾಡಿನ ಕಡೆಯ ಜಮೀನ್ದಾರರ ಮನೆಯ ಒಬ್ಬ ವಿಧವೆ. ಎಲ್ಲರೂ ಅಮ್ಮಣ್ಣಿ ಎನ್ನುತ್ತಿದ್ದರು. ವಯಸ್ಸಾಗಿತ್ತು. ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಅವರ ಮನೆಯ ನಡುಮನೆಯಲ್ಲಿ ಗೋಡೆಯುದ್ದಕ್ಕೂ ಹಲಗೆ ಹೊಡೆಸಿ ಜಗ್ಗು, ತಟ್ಟೆ, ಬಟ್ಟಲುಗಳನ್ನು ಜೋಡಿಸಿದ್ದರು. ಯಜಮಾನರ ಮಾತನ್ನು ಅವರು ನಂಬುತ್ತಿದ್ದರು. ಅವರು ನಂಬುತ್ತಾರೆಂದು ಮೈಸೂರಿನ ದೊಡ್ಡ ಮನೆಗಳವರೂ ನಂಬುತ್ತಿದ್ದರು. ನಮ್ಮ ಅಂಗಡಿ ನಿಂತಿದ್ದೇ ಅಮ್ಮಣ್ಣಿಯವರ ಆ ಒಂದು ನಂಬಿಕೆಯ ಮೇಲೆ.

ಆ ಸಲ ಅಮ್ಮಣ್ಣಿಯವರೇ ಕೊಳ್ಳೇಗಾಲಕ್ಕೆ ಬಂದು ಎರಡು ಪೆಟ್ಟಿಗೆ ಸಾಮಾನು ಆರಿಸಿದರು. ಒಂದರಲ್ಲಿ ಜಗ್ಗುಗಳು, ಇನ್ನೊಂದರಲ್ಲಿ ತಟ್ಟೆ ಬಟ್ಟಲು. ಯಾವಾಗಲೂ ಬಂಡಿಯಲ್ಲಿ ಸೇತುವೆ ಸುತ್ತಿ ಕಳಿಸುವುದು ವಾಡಿಕೆ. ಆ ರಸ್ತೆಯ ಹಳ್ಳಗಳಿಗೆ ಪ್ರತಿ ಸಲವೂ ಒಂದಿಷ್ಟು ಪಿಂಗಾಣಿ ಬಲಿಯಾಗುತ್ತಿತ್ತು. ಯಜಮಾನರು ಬಹಳ ಯೋಚಿಸಿ ಹೊಸ ವಿಧಾನವೊಂದನ್ನು ಕಂಡುಹಿಡಿದಿದ್ದರು. "ಬಂಡಿ ಕುಲುಕ್ತದೆ, ಹೊಳೆ ಕುಲುಕಾಕಿಲ್ಲ. ಹರಿಗೋಲಲ್ಲಿ ಓಗವ" ಎಂದರು. ಅಮ್ಮಣ್ಣಿ, "ನಾನೂ ಜೊತೆಗೇ ಬರ್ತೀನಿ. ಬಂಡೀಲಿ ನನ್ನ ಸೊಂಟವೂ ಪಿಂಗಾಣೀನೇ" ಎಂದರು.

ಹೊಳೆಗೆ ಹೋದೆವು. ಕೊಡಗಿನಲ್ಲಿ ಮಳೆ ಹಿಡಿದಿತ್ತು. ಕಾವೇರಿ ಕೆಂಪಗಿದ್ದಳು. ಅಂಬಿಗ ದೊಡ್ಡಮಾದ ನೀರಿಗೆ ಒಂದು ಕಡ್ಡಿ ಎಸೆದು, ಅದು ಓಡಿದ್ದನ್ನು ನೋಡಿ, "ಸೆಳವು ಅದೆ ಬುದ್ದಿ. ಆದ್ರೂ ದಾಟ್ಸಬೌದು" ಎಂದ. ಹರಿಗೋಲು ಎಂದರೆ ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಚರ್ಮದ ಹೊದಿಕೆ. ಚರ್ಮದ ಮೇಲೆ ಕೂರುವುದುಂಟೇ? ಯಜಮಾನರು ಕಂಬಳಿ ಹಾಸಿಸಿದರು. ಅಷ್ಟರಲ್ಲಿ ಅವರಿಗೆ ಏನೋ ವಾಸನೆ ಬಡಿಯಿತು. ದೊಡ್ಡಮಾದನ ಕಾಲ ಹತ್ತಿರ ಅರ್ಧ ಸೀಳಿದ ಒಣ ಸೋರೆಬುರುಡೆಯೊಂದಿತ್ತು. ಹರಿಗೋಲಿಗೆ ನೀರು ಬಂದರೆ ಎತ್ತಿ ಹಾಕಲು ಅದು, ಮೀನು ಸಿಕ್ಕರೆ ಹಾಕಿಡಲೂ ಅದೇ.

"ಲೇ ಮಾದ, ಅದ ದಡದಲ್ಲಿ ಮಡಗು."

"ಬುರುಡೆ ಬೇಕಾಯ್ತದೆ ಬುದ್ದಿ."

"ಮೀನಿನ ನಾತ ಹುಲ್ಲಿಗೆ ಇಡ್ಕಂಡ್ರೆ ಪಿಂಗಾಣಿಗೂ ಇಡ್ಕತದೆ. ಮಡಗು ಅಂದ್ರೆ ಮಡಗು."

ಅಮ್ಮಣ್ಣಿ ಸೆರಗನ್ನು ಮೂಗಿಗೆ ಹಿಡಿದರು. ನಿಜ ಹೇಳಬೇಕೆಂದರೆ ಆ ವಾಸನೆ ತೊಲಗಲಿ ಎಂದೇ ನನಗೂ ಇತ್ತು. ಬುರುಡೆ ದಡದ ಕಲ್ಲಿನ ಮೇಲೆ ಉಳಿಯಿತು. ನಮ್ಮ ಚೊಂಬು ಬಂಡಿಯಲ್ಲೇ ಉಳಿದಿತ್ತು. ಯಜಮಾನರು ತೊಡೆಯ ಮೇಲೆ ವಸ್ತ್ರದಲ್ಲಿ ಕಟ್ಟಿದ ಒಂದು ಗಂಟು ಇಟ್ಟುಕೊಂಡು ಕೂತರು. ಬುತ್ತಿ ಎಂದುಕೊಂಡೆ.

ನಡುಹೊಳೆಯವರೆಗೆ ಸುಖವಾಗಿತ್ತು. "ನೋಡುದ್ರಾ, ಒಂದು ಸದ್ದಿಲ್ಲ" ಎಂದು ಯಜಮಾನರು ಪೆಟ್ಟಿಗೆಗೆ ಕಿವಿಗೊಟ್ಟು ಹೇಳಿದರು. ಆಮೇಲೆ ಸುಳಿಯೊಂದು ಹರಿಗೋಲನ್ನು ಗಿರ್ರನೆ ತಿರುಗಿಸಿತು. ಜಗ್ಗಿನ ಪೆಟ್ಟಿಗೆ ಜಾರಿತು. ಅದು ಚಹಾ ತುಂಬಿ ಬರುವ ಮರದ ಪೆಟ್ಟಿಗೆ, ಅಂಚಿಗೆಲ್ಲ ತಗಡಿನ ಪಟ್ಟಿ. ಆ ಪಟ್ಟಿ ಬಿದಿರಿನ ಸಂದಿಯಲ್ಲಿ ಇಳಿದು ಚರ್ಮವನ್ನು ಕುಯ್ದುಹಾಕಿತು. ಸಣ್ಣ ಶಬ್ದ. ಸೀರೆ ಅಂಗಡಿಯಲ್ಲಿ ಬಟ್ಟೆ ಹರಿದ ಹಾಗೆ. ಮರುಕ್ಷಣ ನನ್ನ ಕಾಲಡಿಯಲ್ಲಿ ತಣ್ಣಗಾಯಿತು.

"ಎದ್ದೇಳ್ಬ್ಯಾಡಿ!" ದೊಡ್ಡಮಾದ ಕೂಗಿದ. "ಯಾರೂ ಎದ್ದೇಳ್ಬ್ಯಾಡಿ! ಎದ್ರೆ ಮಗುಚ್ಕತದೆ!"

"ಪೆಟ್ಟಿಗೆ ಎಸೆಯೋಣ!" ನಾನು ಕೂಗಿದೆ.

"ಎತ್ತಾಕೋದ್ರೆ ಪೆಟ್ಗೇಗಿಂತ ಮುಂಚೆ ನಾವೇ ಓಯ್ತೀವಿ ಸಾ! ಬುದ್ದೀ, ಕಂಬಳಿ ತುರುಕಿ ತೂತಿಗೆ, ಇಮ್ಮಡೀಲಿ ಒತ್ತಿ ಇಡ್ಕಳಿ! ಮಿಕ್ಕೋರು ನೀರ ಎತ್ತಿ! ಏನ್ರಲ್ಲಾದ್ರೂ ಎತ್ತಿ!"

ಯಜಮಾನರು ಕಂಬಳಿಯ ತುದಿ ತುರುಕಿ ಎರಡೂ ಹಿಮ್ಮಡಿ ಒತ್ತಿ ಹಿಡಿದರು. ಅವರು ಇನ್ನು ಅಲುಗಾಡುವ ಹಾಗಿರಲಿಲ್ಲ. ದೊಡ್ಡಮಾದ ಹುಟ್ಟು ಬಿಡುವ ಹಾಗಿರಲಿಲ್ಲ. ಉಳಿದವರು ಅಮ್ಮಣ್ಣಿ, ನಾನು. ನನಗೆ ಈಜು ಬರುವುದಿಲ್ಲ. ಕಾಲೇಜಿನಲ್ಲಿ ನದಿಗಳ ಬಗ್ಗೆ ಪ್ರಬಂಧ ಬರೆದು ಬಹುಮಾನ ತಗೊಂಡಿದ್ದೆ. ಅಮ್ಮಣ್ಣಿ ಎರಡನೆಯ ಪೆಟ್ಟಿಗೆಯ ಮುಚ್ಚಳ ಕಿತ್ತು ಒಂದು ಬಟ್ಟಲು ತೆಗೆದು ಎತ್ತಿ ಹಾಕತೊಡಗಿದರು. ಅದು ಸಾರಿನ ಬಟ್ಟಲು, ಎಷ್ಟು ಹಿಡಿದೀತು? ನಾನು ಜಗ್ಗಿನ ಪೆಟ್ಟಿಗೆಗೆ ಕೈ ಹಾಕಿದೆ. ಅಡಿಯ ಹುಲ್ಲು ಆಗಲೇ ನೆನೆದಿತ್ತು.

ಗುಲಾಬಿಯ ಜಗ್ಗು ಸಿಕ್ಕಿತು. ಕಾಗದದ ಹೂವು ಕಿತ್ತೆಸೆದು ನೀರು ತುಂಬಿ ಹೊರಗೆ ಚೆಲ್ಲಿದೆ. ಮತ್ತೆ ತುಂಬಿದೆ. ಮತ್ತೊಮ್ಮೆ ಎತ್ತುವಾಗ ಹಿಡಿ ಕೈಯಲ್ಲಿ ಉಳಿಯಿತು, ಜಗ್ಗು ಹೊಳೆಗೆ ಹೋಯಿತು. ನನ್ನ ಕೈಗೆ ಏನೋ ಅಂಟಿತ್ತು. ಬೆಲ್ಲದ ವಾಸನೆ.

ಎರಡನೆಯದು ಹಸಿರು ಬಳ್ಳಿಯದು. ಅದು ಇನ್ನೂ ಪ್ರಾಮಾಣಿಕ. ತುಂಬಿ ಎತ್ತಿದ ಕೂಡಲೇ ತಳ ಕಳಚಿ ನನ್ನ ತೊಡೆಯ ಮೇಲೆ ಬಿತ್ತು, ಎತ್ತಿದ ನೀರೆಲ್ಲ ವಾಪಸು ಹರಿಗೋಲಿಗೇ ಬಂತು.

ನೀರು ಮೊಣಕಾಲಿಗೆ ಬಂದಿತ್ತು. "ಬಿರ್ರನೆ ಎತ್ತಿ ಸಾ! ಅಂಗೇ ಕೂತ್ಕಂಡ್ರೆ ಆಗಾಕಿಲ್ಲ!" ಎಂದು ದೊಡ್ಡಮಾದ ಬೆನ್ನ ಹಿಂದೆ ಕಿರುಚುತ್ತಿದ್ದ. ನಾನು ಮೂರನೆಯ ಜಗ್ಗು ಎತ್ತಿಕೊಂಡು ಯಜಮಾನರ ಮುಖ ನೋಡಿದೆ.

"ಯಜಮಾನ್ರೇ, ಇದರಲ್ಲಿ ಗಟ್ಟಿ ಇರೋದು ಯಾವುದು?"

ಅವರು ಮಾತಾಡಲಿಲ್ಲ.

ಅಮ್ಮಣ್ಣಿಯವರ ಕೈ ನಿಂತಿತು. ಅವರೂ ತಲೆಯೆತ್ತಿ ನೋಡಿದರು. ಯಜಮಾನರು ನನ್ನನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ. ತಮ್ಮ ಹಿಮ್ಮಡಿಯ ಸುತ್ತ ಕುದಿಯುವ ಕೆಂಪು ನೀರನ್ನು ನೋಡುತ್ತಿದ್ದರು. ತುಟಿ ಬಿಗಿದಿತ್ತು. ಎರಡು ಕೈಯಲ್ಲಿ ತೊಡೆಯ ಮೇಲಿನ ಗಂಟನ್ನು ಅವುಚಿಕೊಂಡಿದ್ದರು. ಹುಡುಗರೇ, ನಾನು ಕನಸಿನಲ್ಲಿ ಮತ್ತೆ ಮತ್ತೆ ಕಾಣುವುದು ಸುಳಿಯನ್ನಲ್ಲ, ಹರಿದ ಚರ್ಮವನ್ನಲ್ಲ. ಆ ಬಿಗಿದ ತುಟಿಯನ್ನು. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದ ಒಬ್ಬನೇ ಮನುಷ್ಯ ಅವರು. ನಾನು ಖಾಲಿ ಜಗ್ಗು ಹಿಡಿದು ಕಾಯುತ್ತಿದ್ದೆ. ನೀರು ಕಾಯುತ್ತಿರಲಿಲ್ಲ.

ಆಮೇಲೆ ತುಟಿ ಬಿಚ್ಚಿತು.

"ಅದಲ್ಲ ಅಯ್ನೋರೆ" ಎಂದರು. ದನಿ ಬಹಳ ಮೆತ್ತಗಿತ್ತು. "ಅದ್ರ ಮೂತಿ ಅಂಟ್ಸಿರಾದು. ಪಕ್ಕದ್ದೂ ಅಲ್ಲ. ನೀಲಿದೂ ಅಲ್ಲ. ಆ ಪೆಟ್ಗೇಲಿ... ಆ ಪೆಟ್ಗೇಲಿ ಒಂದೂ ಅಲ್ಲ."

ಗಂಟು ಬಿಚ್ಚಿದರು. ಅದು ಬುತ್ತಿಯಲ್ಲ. ಅವರ ಒಳಕೋಣೆಯಲ್ಲಿ ಯಾರಿಗೂ ಮಾರದೆ ಇಟ್ಟುಕೊಂಡಿದ್ದ ದೊಡ್ಡ ಜಗ್ಗು. ಹಾಲುಬಿಳುಪಿನ ಮೈ, ಕೊರಳ ಸುತ್ತ ಚಿನ್ನದ ಎಲೆಗಳು. ಅಮ್ಮಣ್ಣಿಯವರ ನಡುಮನೆಯ ಹಲಗೆಯ ಮೇಲೊಮ್ಮೆ ಇಟ್ಟು ತೋರಿಸಿ ವಾಪಸು ತರಲೆಂದು ಮಡಿಲಲ್ಲಿ ಹೊತ್ತು ತಂದಿದ್ದರು.

"ತಕಳಿ. ಇದು ಹುಟ್ಟಿದಂಗೇ ಅದೆ."

ಎತ್ತಿದೆ. ತುಂಬಿ ಚೆಲ್ಲಿದೆ, ತುಂಬಿ ಚೆಲ್ಲಿದೆ. ಬಿದಿರಿಗೆ ತಗುಲಿದಾಗಲೆಲ್ಲ ಠಣ್ ಎನ್ನುತ್ತಿತ್ತು. ಪ್ರತಿ ಠಣ್‍ಗೂ ಯಜಮಾನರು ಹಲ್ಲು ಕಚ್ಚುತ್ತಿದ್ದರು. ಆದರೆ "ನಿಧಾನ" ಎಂದು ಒಮ್ಮೆಯೂ ಹೇಳಲಿಲ್ಲ. ಅಷ್ಟು ಮಾತ್ರ ಅವರ ಪರವಾಗಿ ಹೇಳಲೇಬೇಕು. ಮೊಣಕಾಲಿನ ನೀರು ಮೆಲ್ಲಗೆ ಕಣಕಾಲಿಗಿಳಿಯಿತು. ಹರಿಗೋಲು ಹಗುರಾಯಿತು. ದೊಡ್ಡಮಾದನ ಹುಟ್ಟಿಗೆ ಹಿಡಿತ ಸಿಕ್ಕಿತು.

ಇನ್ನೊಂದು ಸಂಗತಿಯಿದೆ. ಯಜಮಾನರು ಒಮ್ಮೆ ಬಾಯಿ ಬಿಟ್ಟ ಮೇಲೆ ಅದನ್ನು ಮುಚ್ಚಲು ಅವರಿಂದ ಆಗಲೇ ಇಲ್ಲ. ನಾನು ನೀರೆತ್ತುತ್ತಿದ್ದರೆ ಅವರು ಹೇಳುತ್ತಲೇ ಹೋದರು. "ಓದ್ವರ್ಸ ಕೊಟ್ಟ ನವಿಲಿನ ಜಗ್ಗು, ಅದ್ರ ಹಿಡಿ ನಮ್ದು ಅಮ್ಮಾವ್ರೆ. ಆ ಎರಡು ದೊಡ್ಡ ತಟ್ಟೆ, ಅವುಕ್ಕೂ ಅಂಚು ಕೂರ್ಸಿರಾದು. ಮಗಳ ಮದ್ವೇಗೆ ತಕಂಡ್ರಲ್ಲ, ಮುಚ್ಚಳದ ಸಾರಿನ ಪಾತ್ರೆ..."

"ಅದೂನಾ?" ಎಂದರು ಅಮ್ಮಣ್ಣಿ.

"ಅದು ಮೂರು ತುಂಡಾಗಿತ್ತು."

"ಅಯ್ಯೋ ಪಾಪಿ! ಆವತ್ತು ಬಿಸಿ ಸಾರು ಹಾಕಿದ್ದೇ ಪಂಕ್ತಿ ಮಧ್ಯೆ ಬಿಟ್ಕೊಳ್ತು. ಬೀಗರ ಕಡೆ ಹುಡುಗನ ಕೈತಪ್ಪು ಅಂತ ಇವತ್ತಿನವರೆಗೂ ಬೀಗಿತ್ತಿ ಜೊತೆ ಮಾತು ಬಿಟ್ಟಿದ್ದೀನಿ! ಈಗ ಯಾವ ಮುಖ ಇಟ್ಟುಕೊಂಡು ಮಾತಾಡಿಸಲಿ?"

"ಅದೊಂದೇ ಅಲ್ಲ ಅಮ್ಮಾವ್ರೆ, ಇನ್ನೊಂದು..."

"ಸಾಕು, ಸುಮ್ಮನಿರಿ ಗುರುಮಲ್ಲಪ್ಪನವರೇ! ದಡ ಬಂತು!"

ದಡ ನಿಜವಾಗಿಯೂ ಬಂದಿತ್ತು. ಮರಳಿನ ಮೇಲೆ ಕಾಲಿಟ್ಟವನೇ ನಾನು ಕೂತುಬಿಟ್ಟೆ. ಜಗ್ಗು ಕೈಯಲ್ಲೇ ಇತ್ತು. ಬೆರಳುಗಳು ಬಿಚ್ಚಲಿಲ್ಲ. ದೊಡ್ಡಮಾದ ಒಂದೊಂದಾಗಿ ಬಿಡಿಸಿ ಜಗ್ಗು ತೆಗೆದುಕೊಂಡು, ಒಳಗೆ ಇಣುಕಿ, "ಬುರುಡೆಗಿಂತ ಚೆಂದಾಗಿ ಎತ್ತುತದೆ ಕನ ಬುದ್ದಿ. ಒಸಿ ಭಾರ" ಎಂದ. ಅಮ್ಮಣ್ಣಿಗೆ ನಗು ಬಂತು. ನಗುತ್ತ ನಗುತ್ತ ಅ‍ಳತೊಡಗಿದರು, ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇದೊಂದು ನನ್ನ ಮನೆಗೆ. ಮಿಕ್ಕಿದ್ದನ್ನ ದೇವೀರಮ್ಮನಿಗೆ ವಾಪಸು ಕೊಡಿ, ಒಣಗಿಸಲಿ" ಎಂದರು. ಯಜಮಾನರು ಕೈ ಮುಗಿದರು.

ಅಂಗಡಿ ಮುಚ್ಚುತ್ತದೆಂದು ನಾನು ಲೆಕ್ಕ ಹಾಕಿದ್ದೆ. ಅಮ್ಮಣ್ಣಿ ಕಥೆಯನ್ನು ಮೈಸೂರಿನ ಮನೆಮನೆಗೂ ಹೇಳಿದರು, ಕೈಯಾಡಿಸಿ, ಯಜಮಾನರ ದನಿ ತೆಗೆದು ಹೇಳಿದರು. ಕೆಲವು ಗಿರಾಕಿಗಳು ಹೋದರು. ಕೆಲವರು ಬರೀ ಕಥೆಯ ಮನುಷ್ಯನನ್ನು ನೋಡಲೆಂದೇ ಬಂದು ಏನಾದರೊಂದು ಕೊಂಡು ಹೋದರು. ನಮ್ಮ ಕೆಲಸದ ವಿಧಾನ ಬದಲಾಯಿತು. ಜಗಲಿಯ ಮೇಲೆ ಒಂದು ಕಲ್ಲುಬಾನಿ ಬಂತು. ಕಾಗದದ ಹೂವು ಹೋದವು. ಗಿರಾಕಿಯ ಎದುರಿಗೇ ಜಗ್ಗಿಗೆ ನೀರು ತುಂಬಿ ಇಡುವುದು, ಅವರು ವೀಳ್ಯ ಮುಗಿಸುವವರೆಗೂ ನಿಂತರೆ ಇಡಿಯದು. ಅಂಟಿಸಿದವುಗಳ ಹಿಡಿಗೆ ಕೆಂಪು ದಾರ. ಮೊಟ್ಟೆ ಮಾತ್ರ ಆ ಮನೆಯ ಹೊಸಿಲು ದಾಟಲಿಲ್ಲ. ಮೊಟ್ಟೆ ತರುವುದಕ್ಕಿಂತ ನಿಜ ಹೇಳುವುದು ಸುಲಭ ಎಂದು ದೇವೀರಮ್ಮ ತೀರ್ಮಾನಿಸಿದರು. ನಾನು ಕಣ್ಣು ಮಂಜಾಗುವವರೆಗೂ ಅಲ್ಲೇ ಕೆಲಸ ಮಾಡಿದೆ. ಯಾವುದು ಯಾವುದೆಂದು ನನಗೂ ಹೇಳತೊಡಗಿದ್ದರು.

ಇದೆಲ್ಲ ಆಮೇಲಿನ ಮಾತು. ಅವತ್ತು ಮಧ್ಯಾಹ್ನ ಅಮ್ಮಣ್ಣಿಯವರ ಮನೆಯಲ್ಲಿ ಬಟ್ಟೆ ಒಣಗಿಸಿಕೊಂಡು, ಅವರದೇ ಎತ್ತಿನ ಬಂಡಿಯಲ್ಲಿ ಸೇತುವೆಯ ದಾರಿ ಹಿಡಿದೆವು. ಬಂಡಿ ಹಳ್ಳಕ್ಕೆ ಇಳಿದಾಗಲೆಲ್ಲ ತಲೆ ಗೂಟಕ್ಕೆ ಬಡಿಯುತ್ತಿತ್ತು. ಇಬ್ಬರೂ ಅದನ್ನು ಆನಂದದಿಂದ ಅನುಭವಿಸಿದೆವು. ಸೇತುವೆಯ ಕಲ್ಲುಗಳ ಮೇಲೆ ಚಕ್ರ ಹತ್ತಿದಾಗ, ಕೆಳಗಿನ ನೀರಿನ ಕಡೆ ನೋಡದೆ, ಎತ್ತಿನ ಬಾಲದ ಕಡೆ ನೋಡುತ್ತ ಯಜಮಾನರು ಕೇಳಿದರು:

"ಹೊಳೇಲಿ ನಾನು ಬಾಳೊತ್ತು ಸುಮ್ಕಿದ್ನಾ ಅಯ್ನೋರೆ?"

ಇಲ್ಲ ಎನ್ನಲು ನಾಲಿಗೆ ಬರಲಿಲ್ಲ. ಹೌದು ಎನ್ನಲು ಮನಸ್ಸು ಬರಲಿಲ್ಲ.

"ನಾನು ನೋಡಲಿಲ್ಲ ಯಜಮಾನ್ರೇ. ನೀರಿನ ಕಡೆ ಗಮನ ಇತ್ತು. ಎಷ್ಟು ಹೊತ್ತು ಅಂತ ಎಣಿಸೋಕೆ ಆಗುತ್ತಾ?"

ಬಂಡಿ ಸೇತುವೆ ದಾಟಿತು.

"ನಾ ಎಣಿಸ್ದೆ" ಎಂದರು.